ಹಗ್ಗ ಬಿಟ್ಟುಕೊಡುವ ಗಳಿಗೆ

ಯಲಹಂಕದಾಚೆಯ ಲಾಯವೊಂದರಲ್ಲಿ ಭಾನುವಾರಗಳಂದು ಸವಾರಿ ಕಲಿಯುತ್ತಿರುವ ನಾನು, ಈಚೆಗೆ ಜೀನಿನ ಮೇಲೆ ಕೂರುವುದಕ್ಕಿಂತ ನೆಲದ ಮೇಲೆ ನಿಂತು ಕುದುರೆಯೊಡನೆ ಮಾಡುವ ಅಭ್ಯಾಸಕ್ಕೇ ಹೆಚ್ಚು ಸಮಯ ಕೊಡುತ್ತಿದ್ದೇನೆ. ಹಗ್ಗವನ್ನು ಮೆಲ್ಲಗೆ ಪಕ್ಕಕ್ಕೆ ಎಳೆದು ಹಿಡಿದರೆ ಕುದುರೆ ಮೊದಲು ಕಿವಿ ತಿರುಗಿಸುತ್ತದೆ, ಆಮೇಲೆ ಕತ್ತನ್ನು ಅರ್ಧ ಬೆರಳಿನಷ್ಟು ಸಡಿಲಿಸುತ್ತದೆ. ಆ ಕ್ಷಣದಲ್ಲೇ ಹಗ್ಗ ಬಿಟ್ಟುಕೊಡಬೇಕು, ಏಕೆಂದರೆ ತಾನು ಮಾಡಿದ್ದು ಸರಿಯೆಂದು ಕುದುರೆಗೆ ಗೊತ್ತಾಗುವುದು ಒತ್ತಡ ತೆರವಾದ ಗಳಿಗೆಯಲ್ಲೇ.

ಅಮೆರಿಕದ ದನಗಾಹಿಗಳ ಕೆಲಸದಿಂದ ಬೆಳೆದುಬಂದ ರೈನಿಂಗ್ ಕ್ರೀಡೆಯಲ್ಲಿ, ನಾಗಾಲೋಟದಿಂದ ಹಿಂಗಾಲುಗಳ ಮೇಲೆ ಜಾರಿ ನಿಲ್ಲುವ, ಒಂದು ಹಿಂಗಾಲನ್ನೇ ಊರಿಕೊಂಡು ಗಿರ್ರನೆ ಸುತ್ತುವ ಕುದುರೆಗಳನ್ನು ವಿಡಿಯೋದಲ್ಲಿ ಕಂಡು ಬೆರಗಾಗಿದ್ದೆ. ಲಗಾಮು ಸಡಿಲವಾಗಿ ತೂಗುತ್ತಿದ್ದರೂ ಕತ್ತಿಗೆ ಅದು ತಾಗಿದಷ್ಟಕ್ಕೇ ತಿರುಗುವ ಆ ಕುದುರೆಗಳ ಶಿಕ್ಷಣಕ್ಕೂ ಇಂಥ ನೆಲದ ಅಭ್ಯಾಸವೇ ತಳಹದಿಯೆಂದು ತಿಳಿದ ಮೇಲೆ, ನಿಧಾನವಾಗಿ ಕಲಿಯುವುದೇ ನನಗೆ ಇಷ್ಟವಾಗಿದೆ. 2018ರ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದ ಫವಾದ್ ಮಿರ್ಜಾ ಬೆಂಗಳೂರಿನವರೇ ಎಂಬ ಹೆಮ್ಮೆಯೂ ಜೊತೆಗಿದೆ, ಅವರ ಕ್ರೀಡಾವಿಭಾಗ ಬೇರೆಯಾದರೂ.

ಮುಂದಿನ ವಾರ ಕುದುರೆಯ ಹಿಂಭಾಗವನ್ನು ಪಕ್ಕಕ್ಕೆ ಸರಿಸುವುದನ್ನು ಕಲಿಯಬೇಕಿದೆ. ಕುದುರೆ ಬೆದರಿ ಓಡಿದಾಗ ಒಂದೇ ಬದಿಯ ಲಗಾಮು ಹಿಡಿದು ನಿಲ್ಲಿಸುವುದಕ್ಕೆ ಅದು ತಿಳಿದಿರಲೇಬೇಕು.