ಲೀಸ್ ಕಾಗದದ ಮೂರನೇ ಪುಟ

ಕಾಸರಗೋಡಿನ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕೆಲಸ. 2025ರ ಮಳೆಗಾಲದಲ್ಲಿ ಒಂದು ದಿನ ನಮ್ಮ ಹಳೆಯ ಕಕ್ಷಿದಾರರಾದ ಹಲ್ಲಿನ ಡಾಕ್ಟರೊಬ್ಬರು ಫೋನ್ ಮಾಡಿದರು. ಮನೆ ಬದಿಯಡ್ಕ, ಕ್ಲಿನಿಕ್ ಉಪ್ಪಳ. "ಅಣ್ಣಾ, ಎಲೆಕ್ಟ್ರಿಕ್ ಕಾರು ಲೀಸಿಗೆ ಸಿಗ್ತದೆ. ತಿಂಗಳಿಗೆ 42,300, ಮೂರು ವರ್ಷ. ಗಾಡಿ ಮುಂದಿನ ವಾರವೇ ಕೊಡ್ತಾರಂತೆ. ಹಾಕ್ಲಾ ಸೈನು?"

"ಬಾಡಿಗೆ ಪೂರ್ತಿ ಖರ್ಚಿಗೆ ಹೋಗ್ತದೆ, ಅಷ್ಟು ಆದಾಯಕ್ಕೆ ತೆರಿಗೆ ಇಲ್ಲ ಡಾಕ್ಟ್ರೇ, ಹಾಕಿ" ಎಂದುಬಿಟ್ಟೆ. ಕಾಗದ ನೋಡದೆ ಆಡಿದ ಮಾತು. ಅವರು ಅಂದೇ 25,000 ಬುಕಿಂಗ್ ಹಣ ಕಟ್ಟಿದರು.

ವಾರ ಕಳೆದು ಕರಾರಿನ ಕರಡು ಫೈಲಿಗೆ ಸೇರಿಸಲು ನನ್ನ ಮೇಜಿಗೆ ಬಂತು. ಮೂರನೇ ಪುಟದ ಕೆಳಗೆ, ಕನ್ನಡಕ ಹಾಕಿದರೂ ಕಣ್ಣು ಕಿರಿದು ಮಾಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಂದು ಕೋಷ್ಟಕ. ವಾಹನದ ವೆಚ್ಚ 17,00,000. ಮೂರು ವರ್ಷದ ಕೊನೆಗೆ ಉಳಿಯುವ ಬೆಲೆ ಶೇ. 30. ನಾನು ಶೋರೂಮಿಗೆ ಫೋನ್ ಮಾಡಿ ಕೇಳಿದೆ. ಅದೇ ಮಾಡೆಲ್, ಅದೇ ಬಣ್ಣ, 15,75,000.

ಲೀಸಿನ ಬಾಡಿಗೆ ಹುಟ್ಟುವುದು ಎರಡು ಕಡೆಯಿಂದ. ಕಾರಿನ ಇಂದಿನ ಬೆಲೆಯಲ್ಲಿ ಕೊನೆಗೆ ಉಳಿಯುವ ಬೆಲೆ ಕಳೆದು ತಿಂಗಳುಗಳಿಗೆ ಹಂಚುವುದು ಒಂದು. ಸಿಕ್ಕಿಬಿದ್ದ ಹಣದ ಮೇಲಿನ ಬಡ್ಡಿ ಇನ್ನೊಂದು. ಇಂದಿನ ಬೆಲೆ ಏರಿಸಿದರೂ ಬಾಡಿಗೆ ಏರುತ್ತದೆ, ಕೊನೆಯ ಬೆಲೆ ಇಳಿಸಿದರೂ ಏರುತ್ತದೆ. ಇಲ್ಲಿ ಎರಡೂ ಆಗಿತ್ತು.

ಲೀಸ್ ಏಜೆಂಟರನ್ನು ಕೇಳಿದೆ. 1,25,000 ಹೆಚ್ಚು ಯಾಕೆ? "ಶೋರೂಮಲ್ಲಿ ನಾಲ್ಕು ತಿಂಗಳು ಕಾಯ್ಬೇಕು ಸರ್, ಅಷ್ಟು ಡಿಮಾಂಡ್ ಉಂಟು. ನಮ್ಮಲ್ಲಿ ಗಾಡಿ ರೆಡಿ." ಸರಿ, ಕೊನೆಯ ಬೆಲೆ ಇಷ್ಟು ಕಡಿಮೆ ಯಾಕೆ? "ಹಳೆ ಬ್ಯಾಟರಿ ಗಾಡಿ ಯಾರು ತಗೊಳ್ತಾರೆ ಸರ್?"

ಒಂದೇ ಫೋನಿನಲ್ಲಿ, ಒಂದೇ ಕಾರಿನ ಬಗ್ಗೆ ಈ ಎರಡು ಮಾತು. ಜನ ಮುಗಿಬಿದ್ದು ಕೊಳ್ಳುತ್ತಾರೆ ಎಂದು ಬೆಲೆ ಏರಿಸಿದವರು, ಮೂರು ವರ್ಷ ಕಳೆದರೆ ಯಾರಿಗೂ ಬೇಡ ಎಂದು ಲೆಕ್ಕ ಕಟ್ಟಿದ್ದರು. ಬ್ಯಾಟರಿ ಕಾರಿನ ಹಳೆ ಬೆಲೆ ಬೇಗ ಇಳಿಯುತ್ತದೆಂಬ ಹೆದರಿಕೆ ಸುಳ್ಳೇನಲ್ಲ. ಆದರೆ ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಮೂರು ವರ್ಷದ ಕಾರಿನಲ್ಲಿ ಇನ್ನೂ ಐದು ವರ್ಷ ಬಾಕಿ. ಬೇಡಿಕೆಯ ಕಾರಿಗೆ ಕೊನೆಯ ಬೆಲೆ ಶೇ. 45 ಹಿಡಿಯುವುದು ಅತಿಯಾಸೆ ಅಂತ ನನಗೆ ಅನ್ನಿಸುವುದಿಲ್ಲ. ಶೋರೂಮ್ ಬೆಲೆಗೆ ಶೇ. 45 ಹಿಡಿದು, ಅವರದೇ ಶೇ. 10 ಬಡ್ಡಿ ಹಾಕಿದರೆ ತಿಂಗಳಿಗೆ ಸುಮಾರು 33,600 ಬಂತು. ವ್ಯತ್ಯಾಸ 8,700. ಮೂರು ವರ್ಷಕ್ಕೆ 3,13,200. ಅವರು ಹೇಳಿದ ಬಾಡಿಗೆ ಕೂಡಿಸಿದರೆ 15,22,800, ಹೆಚ್ಚುಕಡಿಮೆ ಕಾರಿನ ಬೆಲೆಯೇ, ಮೇಲೆ ಜಿಎಸ್‌ಟಿ. ಕೊನೆಗೆ ಕೀಲಿಕೈಯೂ ವಾಪಸು.

ಗಡಿಯವರಾದ ನಮಗೆ ಇನ್ನೊಂದು ಪೆಟ್ಟು ಕಾದಿತ್ತು. ಕಾರು ಮಂಗಳೂರಿನಲ್ಲಿ ನೋಂದಣಿ, ಓಡುವುದು ತಲಪಾಡಿ ಗಡಿಯಿಂದ ಈಚೆ, ಕೇರಳದಲ್ಲಿ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಳ್ಳುವ ಗಾಡಿಗೆ ಅಲ್ಲಿನ ನಂಬರು ಮಾಡಿಸಬೇಕೆಂಬುದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು. ಕೇರಳದಲ್ಲಿ 2025ರ ಏಪ್ರಿಲ್ 1ರಿಂದ 15 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ವಾಹನ ತೆರಿಗೆ ಬೆಲೆಯ ಶೇ. 8, 20 ಲಕ್ಷ ಮೀರಿದರೆ ಶೇ. 10. ಕರಾರಿನಲ್ಲಿ "ಎಲ್ಲ ತೆರಿಗೆ ಬಾಡಿಗೆದಾರರದ್ದು" ಎಂದಿತ್ತು. ಅಂದರೆ ಶೋರೂಮ್ ಬೆಲೆಗೇ ಲೆಕ್ಕ ಹಾಕಿದರೂ ಮತ್ತೆ 1,26,000, ತನ್ನದಲ್ಲದ ಕಾರಿಗೆ. ತಿಂಗಳಿಗೆ 1,000 ಕಿ.ಮೀ. ಮಿತಿ ಬೇರೆ, ಡಾಕ್ಟರಿಗೆ ಮನೆ-ಕ್ಲಿನಿಕ್ ಓಡಾಟದಲ್ಲೇ ಅದು ಮುಗಿಯುತ್ತಿತ್ತು.

ನನಗೆ ಹೆಚ್ಚು ನೋವಾದದ್ದು ನನ್ನದೇ ಕಸುಬಿನ ವಿಷಯದಲ್ಲಿ. ಬಾಡಿಗೆ ಖರ್ಚಿಗೆ ಹೋಗುತ್ತದೆ ಎಂದೆನಲ್ಲ, ಗಾಡಿ ವೃತ್ತಿಗೇ ಓಡಿದರೆ ಅದು ನಿಜ, ವರ್ಷಕ್ಕೆ 5,07,600. ಆದರೆ ಆದಾಯ ತೆರಿಗೆಯಲ್ಲಿ ಸಾಮಾನ್ಯ ಕಾರಿಗೆ ಸವಕಳಿ, ಅಂದರೆ ಗಾಡಿಯ ಬೆಲೆಯಲ್ಲಿ ವರ್ಷವರ್ಷ ಖರ್ಚೆಂದು ಕಳೆಯಬಹುದಾದ ಪಾಲು, ಶೇ. 15 ಇದ್ದರೆ ಎಲೆಕ್ಟ್ರಿಕ್ ವಾಹನಕ್ಕೆ ಶೇ. 40. ತೆರಿಗೆ ಸೇರಿ 17,01,000ಕ್ಕೆ ಸ್ವಂತವಾಗಿ ಕೊಂಡು 180 ದಿನಕ್ಕೆ ಕಡಿಮೆಯಿಲ್ಲದಂತೆ ವೃತ್ತಿಗೇ ಬಳಸಿದರೆ ಮೊದಲ ವರ್ಷವೇ 6,80,400 ಕಳೆಯಬಹುದು, ಸಾಲದ ಬಡ್ಡಿ ಬೇರೆ. ಎರಡನೇ ವರ್ಷಕ್ಕೆ ಇದು ಇಳಿಯುತ್ತದೆ, ನಿಜ; ಆದರೆ ಕಾರು ಅವರದಾಗಿ ಉಳಿಯುತ್ತದೆ. ಇದನ್ನು ಹೇಳಬೇಕಾದವನು ನಾನೇ ಆಗಿದ್ದೆ.

ಅದೇ ಸಂಜೆ ಉಪ್ಪಳಕ್ಕೆ ಹೋಗಿ, ರೋಗಿಗಳೆಲ್ಲ ಹೋದ ಮೇಲೆ ಡಾಕ್ಟರ ಮುಂದೆ ಹಾಳೆ ಹರಡಿದೆ. ಅವರು ಕ್ಯಾಲ್ಕುಲೇಟರಿನಲ್ಲಿ ತಾವೇ ಒಮ್ಮೆ ಗುಣಿಸಿ ನೋಡಿದರು. "ನಾಲ್ಕು ತಿಂಗಳು ಕಾಯುವ ಅಣ್ಣ, ಈಗಿನ ಗಾಡಿ ಓಡ್ತದಲ್ಲ" ಎಂದರು. ಬ್ಯಾಂಕ್ ಸಾಲದಲ್ಲಿ ಕಾರು ಬಂತು, ಕೆಎಲ್ 14 ನಂಬರಿನಲ್ಲೇ.

ಈಗ ಯಾರು ಲೀಸ್ ಎಂದರೂ ತಿಂಗಳ ಮೊತ್ತ ಕೇಳುವ ಮೊದಲು ಆ ಕೋಷ್ಟಕದ ಫೋಟೋ ಕಳಿಸಿ ಎನ್ನುತ್ತೇನೆ. ಕೊಡಲಾಗದು ಎಂದ ಏಜೆನ್ಸಿಯ ಕಾಗದವನ್ನು ಮುಂದೆ ಓದುವುದೇ ಇಲ್ಲ. ಬುಕಿಂಗಿನ 25,000 ವಾಪಸು ಬರಲಿಲ್ಲ. ಆಫೀಸಿನಲ್ಲಿ ಯಜಮಾನರಿಗೆ ನಡೆದದ್ದೆಲ್ಲ ಹೇಳಿದೆ. ಆ ವರ್ಷ ಡಾಕ್ಟರ ಬಿಲ್ಲಿನಲ್ಲಿ ಅಷ್ಟನ್ನು ಕಳೆದೆವು.