813ರಲ್ಲಿ ಒಂದು ಕಳೆದರೆ

8 ಮೇ 2024, ಬುಧವಾರ, ಸಂಜೆ

ಇಂದು ಬೆಳಗಿನ ಜಾವ ಮೂರು ಗಂಟೆಗೆ ಮನೆ ಸೇರಿದೆ. ಹತ್ತು ಗಂಟೆಯವರೆಗೆ ಮಲಗಿ ಎದ್ದಮೇಲೂ ಕಿವಿಯಲ್ಲಿ ಮತಯಂತ್ರದ ಆ ಉದ್ದನೆಯ ಸದ್ದು ಉಳಿದುಕೊಂಡಿತ್ತು. ನಿನ್ನೆ ಲೋಕಸಭಾ ಚುನಾವಣೆಯ ಮೂರನೇ ಹಂತದಲ್ಲಿ ನಮ್ಮ ರಾಜ್ಯದ ಉತ್ತರ ಭಾಗದ 14 ಕ್ಷೇತ್ರಗಳಿಗೆ ಮತದಾನ ನಡೆಯಿತು; ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿದ್ದೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನಗೆ ಇದು ನಾಲ್ಕನೆಯ ಚುನಾವಣಾ ಕರ್ತವ್ಯವಾದರೂ, ಇಡೀ ಮತಗಟ್ಟೆಯ ಹೊಣೆ ನನ್ನ ಹೆಗಲಿಗೆ ಬಿದ್ದದ್ದು ಇದೇ ಮೊದಲು. ಮರೆಯುವ ಮುನ್ನ ಬರೆದಿಡಬೇಕೆಂದು ಕುಳಿತಿದ್ದೇನೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ತಾಲ್ಲೂಕು ಕೇಂದ್ರದ ಕಾಲೇಜಿನ ಮೈದಾನದಲ್ಲಿ ಮಸ್ಟರಿಂಗ್, ಅಂದರೆ ಸಿಬ್ಬಂದಿಯೆಲ್ಲ ಸೇರಿ ಯಂತ್ರ, ಸಾಮಗ್ರಿಗಳನ್ನು ಪಡೆಯುವುದು. ಯಾವ ಊರು, ಯಾವ ಮತಗಟ್ಟೆ ಎಂಬುದು ಅಲ್ಲಿಗೆ ಹೋಗುವವರೆಗೂ ನಮಗೆ ಗೊತ್ತಿರುವುದಿಲ್ಲ. ಸಿಬ್ಬಂದಿಯ ಹೆಸರುಗಳನ್ನು ಕಂಪ್ಯೂಟರ್ ಮೂರು ಬಾರಿ ಕಲಸಿ ಹಂಚುತ್ತದೆ, ಯಂತ್ರಗಳನ್ನು ಎರಡು ಬಾರಿ. ಯಾವ ಯಂತ್ರ ಯಾವ ಊರಿಗೆ, ಅದರ ಮುಂದೆ ಕೂರುವವರು ಯಾರು ಎಂಬುದನ್ನು ಯಾರೂ ಮೊದಲೇ ಊಹಿಸಲಾಗದಂತೆ ಮಾಡಿದ ಈ ಏರ್ಪಾಡಿನಿಂದ ನಮಗೆ ತೊಂದರೆಯಿದೆ; ಪರಿಚಯವಿಲ್ಲದ ಮೂವರು ಸಹೋದ್ಯೋಗಿಗಳನ್ನು ಹೆಸರು ಕೂಗಿ ಹುಡುಕಿ, ಅರ್ಧ ಗಂಟೆಯೊಳಗೆ ಒಂದು ತಂಡವಾಗಬೇಕು. ಆದರೂ ಈ ತೊಂದರೆಯನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ನಂಬಿಕೆಯನ್ನು ಯಾರದೋ ಸಜ್ಜನಿಕೆಯ ಮೇಲೆ ಬಿಡದೆ ವ್ಯವಸ್ಥೆಯಲ್ಲಿಯೇ ಕಟ್ಟಿರುವುದು ಅಲ್ಲಿ ಕಾಣುತ್ತದೆ.

ಅಧಿಕಾರಿಯ ಮುಂದಿರುವ ಕಂಟ್ರೋಲ್ ಯೂನಿಟ್, ಮತದಾರರು ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಈ ಮೂರರ ಸಂಖ್ಯೆಗಳನ್ನು ನಮಗೆ ಕೊಟ್ಟ ಪಟ್ಟಿಯೊಂದಿಗೆ ತಾಳೆ ನೋಡಿದೆವು. ವಿವಿಪ್ಯಾಟನ್ನು ಅಲ್ಲಿ ಚಾಲೂ ಮಾಡುವಂತಿಲ್ಲ. ಅದರ ಬೆನ್ನಿಗಿರುವ ಗುಂಡಿ ಸಾಗಣೆಯ ಹೊತ್ತಿನಲ್ಲಿ ಅಡ್ಡಲಾಗಿಯೇ ಇರಬೇಕು, ಮತಗಟ್ಟೆಯಲ್ಲಿ ಮಾತ್ರ ನೆಟ್ಟಗೆ ತಿರುಗಿಸಬೇಕು; ಕಿಟಕಿಯ ನೇರ ಬೆಳಕು ಬಿದ್ದರೂ ಅದು ಮುನಿಯುತ್ತದೆ. ಉಳಿದಂತೆ ಮತದಾರರ ಪಟ್ಟಿಯ ಗುರುತು ಪ್ರತಿ, ಮತದಾರರ ಸಹಿ ಪಡೆಯುವ 17ಎ ರಿಜಿಸ್ಟರ್, ಮತಗಳ ಲೆಕ್ಕ ಬರೆಯುವ 17ಸಿ ನಮೂನೆಗಳು, ಹಸಿರು ಕಾಗದದ ಮುದ್ರೆ, ಅರಗು, ದಾರ, ಲಕೋಟೆಗಳ ರಾಶಿ, ಮತ್ತು ಅಳಿಸಲಾಗದ ಶಾಯಿಯ ಸೀಸೆ. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇಡೀ ದೇಶದ ಬೆರಳುಗಳಿಗೆ ಗುರುತು ಒದಗಿಸುತ್ತಿದೆ ಎಂದು ನಮ್ಮ ತಂಡದ ಕಿರಿಯ ಶಿಕ್ಷಕನಿಗೆ ಹೇಳಿದಾಗ ಅವನು ಸೀಸೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ.

ಬಸ್ಸು ಹೊರಟಾಗ ಮಧ್ಯಾಹ್ನ ಎರಡು ಗಂಟೆ. ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ಒಂದೇ ಬಸ್ಸಿನಲ್ಲಿ ಐದು ಮತಗಟ್ಟೆಗಳ ತಂಡಗಳು. ಯಂತ್ರದ ಪೆಟ್ಟಿಗೆಗಳನ್ನು ಎಲ್ಲರೂ ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡಿದ್ದರು. ಈ ಬಾರಿ ದೇಶದಲ್ಲಿ ಸುಮಾರು 97 ಕೋಟಿ ಮತದಾರರು, 10.5 ಲಕ್ಷ ಮತಗಟ್ಟೆಗಳು, 55 ಲಕ್ಷ ಮತಯಂತ್ರಗಳು, ಒಂದೂವರೆ ಕೋಟಿ ಸಿಬ್ಬಂದಿ ಮತ್ತು ಭದ್ರತಾ ಪಡೆಯವರು ಎಂದು ಆಯೋಗ ಮಾರ್ಚ್ 16ರಂದು ಪ್ರಕಟಿಸಿದಾಗ ಆ ಅಂಕಿಗಳು ನನಗೆ ಪತ್ರಿಕೆಯ ಅಂಕಿಗಳಾಗಿಯಷ್ಟೇ ಇದ್ದವು. ಬಸ್ಸಿನ ಕಿಟಕಿಯಿಂದ ನೋಡುತ್ತ, ನಮ್ಮ ಹಾಗೆಯೇ ಪೆಟ್ಟಿಗೆ ಹಿಡಿದು ಹೊರಟವರು ಈ ದಿನ ಎಷ್ಟು ರಾಜ್ಯಗಳಲ್ಲಿ ಎಷ್ಟು ಕಚ್ಚಾರಸ್ತೆಗಳ ಮೇಲೆ ಇದ್ದಾರೆಂದು ಯೋಚಿಸಿದಾಗ ಮಾತ್ರ ಅವಕ್ಕೆ ತೂಕ ಬಂತು. ಏಳು ಹಂತಗಳೇಕೆ, ಏಪ್ರಿಲ್ 19ರಿಂದ ಜೂನ್ 1ರವರೆಗೆ ಇಷ್ಟು ಉದ್ದ ಏಕೆ ಎಂದು ಕೇಳುವವರಿದ್ದಾರೆ. ಒಂದು ರಾಜ್ಯದಲ್ಲಿ ಕಾವಲು ಮುಗಿಸಿದ ಕೇಂದ್ರ ಪಡೆಗಳೇ ರೈಲು ಹತ್ತಿ ಮುಂದಿನ ರಾಜ್ಯಕ್ಕೆ ಹೋಗಬೇಕು ಎಂಬುದನ್ನು ಕಂಡವರಿಗೆ ಉತ್ತರ ಅರ್ಧ ಸಿಕ್ಕಂತೆ. ಆದರೂ ಈ ಬೇಸಿಗೆಯಲ್ಲಿ ಮುದುಕರನ್ನು ಸರದಿಯಲ್ಲಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ವೇಳಾಪಟ್ಟಿಯನ್ನು ಒಂದು ತಿಂಗಳಾದರೂ ಹಿಂದಕ್ಕೆ ತರಬಾರದೇ ಎಂದು ನಿನ್ನೆ ಮಧ್ಯಾಹ್ನವೆಲ್ಲ ಅನ್ನಿಸುತ್ತಿತ್ತು.

ಶಾಲೆಯ ಜಗುಲಿಯಲ್ಲಿ ಚಾಪೆ ಹಾಸಿ ಮಲಗಿದೆವು. ಚಿಲಕ ಸರಿಯಿಲ್ಲದ ಒಂದೇ ಶೌಚಾಲಯ, ರಾತ್ರಿಯಿಡೀ ಸೊಳ್ಳೆ. ತಂಡಗಳಲ್ಲಿ ಹೆಂಗಸರು ಇಷ್ಟು ಸಂಖ್ಯೆಯಲ್ಲಿರುವಾಗ ಇದನ್ನು ಚಿಕ್ಕ ಮಾತೆಂದು ತಳ್ಳಿಹಾಕಬಾರದು. ಊರಿನ ಅಡುಗೆ ಸಿಬ್ಬಂದಿಯ ತಾಯಂದಿರು ಕೊಟ್ಟ ರೊಟ್ಟಿ ಮತ್ತು ಪುಂಡಿಪಲ್ಲೆಯ ಋಣ ಮಾತ್ರ ಉಳಿಯಿತು.

ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ಪಕ್ಷಗಳ ಏಜೆಂಟರ ಮುಂದೆ, ನೋಟಾ ಸೇರಿದಂತೆ ಪ್ರತಿ ಗುಂಡಿಯನ್ನೂ ಒತ್ತಿ ಕನಿಷ್ಠ 50 ಮತ ಹಾಕಬೇಕು. ಯಂತ್ರದ ಫಲಿತಾಂಶವನ್ನು ವಿವಿಪ್ಯಾಟಿನ ಚೀಟಿಗಳೊಂದಿಗೆ ಎಣಿಸಿ ತಾಳೆ ನೋಡಬೇಕು. ಆಮೇಲೆ ಆ ಎಲ್ಲ ಮತಗಳನ್ನು ಯಂತ್ರದಿಂದ ಅಳಿಸಿ, ಚೀಟಿಗಳಿಗೆ ಮುದ್ರೆಯೊತ್ತಿ ಕಪ್ಪು ಲಕೋಟೆಯಲ್ಲಿ ಮೊಹರು ಮಾಡಬೇಕು. ಮೊದಲು ‘ಕ್ಲೋಸ್’, ಅನಂತರ ‘ರಿಸಲ್ಟ್’, ಕೊನೆಗೆ ‘ಕ್ಲಿಯರ್’. ತರಬೇತಿಯಲ್ಲಿ ಈ ಮೂರು ಪದಗಳನ್ನು ನಮಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು, ಏಕೆಂದರೆ ಕೊನೆಯ ಗುಂಡಿಯನ್ನು ಮರೆತರೆ ಸುಳ್ಳು ಮತಗಳು ನಿಜವಾದ ಮತಗಳೊಂದಿಗೆ ಒಳಗೇ ಉಳಿದು ಆ ಮತಗಟ್ಟೆಯ ಲೆಕ್ಕವೇ ಕೆಡುತ್ತದೆ. ಪರದೆಯ ಮೇಲೆ ಸೊನ್ನೆ ಮೂಡಿದ್ದನ್ನು ಏಜೆಂಟರಿಗೆಲ್ಲ ತೋರಿಸಿದೆ. ಬೇರೆ ಬೇರೆ ಪಕ್ಷಗಳ ಆ ಮೂವರು ಹುಡುಗರು ಒಟ್ಟಿಗೆ ಬಗ್ಗಿ ಆ ಸೊನ್ನೆಯನ್ನು ನೋಡಿದ ದೃಶ್ಯ ನನಗೆ ಬಹಳ ಹಿಡಿಸಿತು.

ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ ನೋಟಾ ಸೇರಿ 16 ಗುಂಡಿಗಳಿಗಷ್ಟೇ ಜಾಗ; ಈಗಿನ ಯಂತ್ರಗಳಲ್ಲಿ ಅಂಥ 24 ಯೂನಿಟ್‌ಗಳನ್ನು ಒಂದಕ್ಕೊಂದು ಜೋಡಿಸಬಹುದು. 2019ರಲ್ಲಿ ನಿಜಾಮಾಬಾದಿನಲ್ಲಿ 185 ಮಂದಿ ಕಣದಲ್ಲಿ ಉಳಿದಾಗ, ಅವರಲ್ಲಿ ಹೆಚ್ಚಿನವರು ಅರಿಶಿನ ಮತ್ತು ಜೋಳಕ್ಕೆ ಬೆಲೆ ಕೇಳುತ್ತಿದ್ದ ರೈತರು, ಪ್ರತಿ ಮತಗಟ್ಟೆಯಲ್ಲೂ 12 ಯೂನಿಟ್‌ಗಳನ್ನು ಸಾಲಾಗಿ ಇಡಬೇಕಾಯಿತು. ಇಂಥದ್ದಕ್ಕೆ ನಮ್ಮ ನಾಡೂ ಹೊರತಲ್ಲ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳು ನಿಂತಿದ್ದರು, ಅದೂ ಕಾಗದದ ಮತಪತ್ರದ ಕಾಲದಲ್ಲಿ. ಅದೇ ವರ್ಷ ಲೋಕಸಭೆಗೆ ನಿಲ್ಲುವವರು ಕಟ್ಟಬೇಕಾದ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. ಪ್ರತಿಭಟಿಸುವವನ ಹಕ್ಕನ್ನು ದುಡ್ಡಿನಿಂದ ಅಳೆಯುವುದು ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಏಳಕ್ಕೆ ಮತದಾನ ಆರಂಭವಾಯಿತು. ಒಂಬತ್ತು, ಹನ್ನೊಂದು, ಒಂದು ಹೀಗೆ ಎರಡೆರಡು ಗಂಟೆಗೊಮ್ಮೆ ಸೆಕ್ಟರ್ ಅಧಿಕಾರಿಗೆ ಅಂಕಿ ಕಳಿಸಬೇಕು. ಮಧ್ಯಾಹ್ನದ ಹೊತ್ತಿಗೆ ನಾನೂ ಚುನಾವಣಾ ಕರ್ತವ್ಯ ಪ್ರಮಾಣಪತ್ರ ತೋರಿಸಿ ಅಲ್ಲಿಯೇ ಮತ ಹಾಕಿದೆ. ಆ ಊರಿನವರ ಪಟ್ಟಿಯ ಕಟ್ಟಕಡೆಗೆ ನನ್ನ ಹೆಸರು ಸೇರಿತು. ಆ ಎರಡು ನಿಮಿಷ ಮಾತ್ರ ನಾನು ಆ ಕೋಣೆಯಲ್ಲಿ ಅಧಿಕಾರಿಯಾಗಿರಲಿಲ್ಲ.

ಹನ್ನೊಂದರ ಸುಮಾರಿಗೆ ಒಬ್ಬ ಅಜ್ಜಿ ಬಂದರು. ಎಂಬತ್ತೈದು ದಾಟಿದವರು ಈ ಬಾರಿ ಮನೆಯಿಂದಲೇ ಮತ ಹಾಕಬಹುದಾಗಿತ್ತು, ಅವರಿಗೆ ಎಂಬತ್ತೆರಡು. ಹೆಸರು ಕೇಳಿದ್ದಕ್ಕೆ “ದೊಡ್ಡಮನಿ ಹಿರೇಸೊಸಿ” ಎಂದರು. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಕೊಟ್ಟಿದ್ದ ಚೀಟಿ ಮತ್ತು ಆಧಾರ್ ಕಾರ್ಡು ಕೈಯಲ್ಲಿದ್ದುದರಿಂದ ತೊಡಕಾಗಲಿಲ್ಲ, ಆದರೆ ಆ ಉತ್ತರ ನನ್ನನ್ನು ಎಪ್ಪತ್ತು ವರ್ಷ ಹಿಂದಕ್ಕೆ ಕರೆದೊಯ್ಯಿತು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರ ಭಾರತದ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಸ್ವಂತ ಹೆಸರಿಲ್ಲದೆ ಯಾರನ್ನೂ ಪಟ್ಟಿಯಲ್ಲಿಡಲು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಆ ಚುನಾವಣೆಯಿಂದ ಹೊರಗುಳಿದರು. ಆಗ ಒಟ್ಟು ಮತದಾರರು 17 ಕೋಟಿಯಷ್ಟು, ಅವರಲ್ಲಿ ಬಹುಪಾಲು ಅಕ್ಷರ ಬಾರದವರು. ಅದಕ್ಕೆಂದೇ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳನ್ನು ಇಡಲಾಗಿತ್ತು. ಸೇನ್ ಅವರ ನಿಷ್ಠುರ ತೀರ್ಮಾನವನ್ನು ಬಹಳ ಕಾಲ ಕ್ರೂರವೆಂದುಕೊಂಡಿದ್ದೆ. ನಿನ್ನೆ ಮೊದಲನೇ ಅಧಿಕಾರಿ ಅಜ್ಜಿಯ ಪೂರ್ಣ ಹೆಸರನ್ನು ಕೋಣೆಗೆಲ್ಲ ಕೇಳುವಂತೆ ಓದಿ ಹೇಳಿದಾಗ, ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತದ್ದನ್ನು ಕಂಡ ಮೇಲೆ ಹಾಗೆ ಅನ್ನಿಸುತ್ತಿಲ್ಲ.

ಶಾಯಿ ಹಚ್ಚಿಸಿಕೊಂಡು, ಹೆಬ್ಬೆಟ್ಟು ಒತ್ತಿ, ಮರೆಯೊಳಗೆ ಹೋದ ಅಜ್ಜಿ ಬಹಳ ಹೊತ್ತು ಹೊರಬರಲಿಲ್ಲ. ಕಂಟ್ರೋಲ್ ಯೂನಿಟ್‌ನ ಕೆಂಪು ದೀಪ ಉರಿಯುತ್ತಲೇ ಇತ್ತು. ಕೊನೆಗೆ ಅವರೇ ಬಂದು, “ಅದು ಕೂಗವಲ್ದು ಯವ್ವಾ” ಎಂದರು. ಮರೆಯೊಳಗೆ ನಾನು ಕಾಲಿಡುವಂತಿಲ್ಲ. ಏಜೆಂಟರೆಲ್ಲ ನೋಡುತ್ತಿರುವಂತೆ, ಮರೆಯ ಹೊರಗೆ, ರಟ್ಟಿನ ಮಾದರಿಯನ್ನು ಹಿಡಿದು, ಚಿಹ್ನೆಯ ಪಕ್ಕದ ನೀಲಿ ಗುಂಡಿಯನ್ನು ಒತ್ತಬೇಕೇ ಹೊರತು ಚಿಹ್ನೆಯನ್ನಲ್ಲ ಎಂದು ತೋರಿಸಿದೆ. ಮತ್ತೆ ಒಳಗೆ ಹೋದರು. ಸದ್ದು ಬಂತು. ಸರದಿಯಲ್ಲಿದ್ದವರೂ ಉಸಿರು ಬಿಟ್ಟರು.

ಮೂರು ಗಂಟೆಗೆ ಬಂದ ಒಬ್ಬ ಯುವಕ 17ಎ ರಿಜಿಸ್ಟರಿನಲ್ಲಿ ಸಹಿ ಮಾಡಿದ ಮೇಲೆ, ನಾನು ಮತ ಹಾಕುವುದಿಲ್ಲ ಎಂದ. ಕಾರಣ ಕೇಳುವ ಅಧಿಕಾರ ನನಗಿಲ್ಲ, ಒತ್ತಾಯಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. ಅವನ ಹೆಸರಿನ ಮುಂದೆ ಷರಾ ಬರೆದು, ಅವನ ಸಹಿ ಪಡೆದೆ. ಚಾಮರಾಜನಗರ ಜಿಲ್ಲೆಯ ಇಂಡಿಗನತ್ತದಲ್ಲಿ ಏಪ್ರಿಲ್ 26ರಂದು ಮೂಲಸೌಕರ್ಯವಿಲ್ಲದೆ ರೋಸಿಹೋದ ಜನ ಮತದಾನ ಬಹಿಷ್ಕರಿಸಿ, ಗಲಾಟೆಯಲ್ಲಿ ಮತಯಂತ್ರ ಒಡೆದು, 29ರಂದು ಮರುಮತದಾನವಾದ ಸುದ್ದಿ ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಸರ್ಕಾರದ ವಾಹನ ಮತಪೆಟ್ಟಿಗೆಯ ಜೊತೆಗೆ ಮಾತ್ರ ಬರುವ ಊರುಗಳಿರುವವರೆಗೆ, ಮತ ಹಾಕದಿರುವವರ ಮುಂದೆಯೂ ನಾವು ತಾಳ್ಮೆಯಿಂದಲೇ ಕುಳಿತುಕೊಳ್ಳಬೇಕು.

ಆರು ಗಂಟೆಗೆ ಸರದಿಯ ಕೊನೆಯವರಿಂದ ಹಿಡಿದು ಮುಂದಕ್ಕೆ ಚೀಟಿ ಹಂಚಿದೆವು; ಹಿಂದಿನಿಂದ ಹಂಚಿದರೆ ಬಾಲಕ್ಕೆ ಹೊಸಬರು ಸೇರಲಾಗದು. ಆರೂ ಇಪ್ಪತ್ತಕ್ಕೆ ‘ಕ್ಲೋಸ್’ ಒತ್ತಿದೆ. ರಿಜಿಸ್ಟರಿನ ಕೊನೆಯ ಕ್ರಮಸಂಖ್ಯೆ 813. ಮತ ಹಾಕದೆ ಹೋದವನು 1. ಯಂತ್ರ ತೋರಿಸಬೇಕಾದದ್ದು 812. ಗುಂಡಿ ಒತ್ತುವಾಗ ಕೈ ನಡುಗಿತು. 812 ಎಂದೇ ತೋರಿಸಿತು. 17ಸಿ ನಮೂನೆಯಲ್ಲಿ, ಮತ ಹಾಕದಿರಲು ತೀರ್ಮಾನಿಸಿದವರ ಸಂಖ್ಯೆಗೆಂದೇ ಒಂದು ಸಾಲಿದೆ. ಅಲ್ಲಿ ಒಂದು ಎಂದು ಬರೆದೆ. ಪ್ರತಿಗಳನ್ನು ಏಜೆಂಟರಿಗೆ ಕೊಟ್ಟು ಸಹಿ ಪಡೆದೆ. ಎಣಿಕೆಯ ದಿನ ಅವರು ತಮ್ಮ ಕೈಯ ಈ ಕಾಗದವನ್ನು ಯಂತ್ರದ ಮುಂದೆ ಹಿಡಿದು ಕೇಳಬಹುದು. ಮತಯಂತ್ರದ ಬಗ್ಗೆ ಎಷ್ಟೋ ವಾದಗಳನ್ನು ಕೇಳಿದ್ದೇನೆ. ಎಲ್ಲ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದೂ ನಮ್ಮ ರಾಜ್ಯದ ಮೊದಲ ಸುತ್ತಿನ ಮತದಾನದ ದಿನವೇ, ಏಪ್ರಿಲ್ 26ರಂದು. ಅನುಮಾನಿಸುವವರನ್ನು ನಾನು ಹಗುರವಾಗಿ ಕಾಣಲಾರೆ. ಅವರು ಬಂದು ಈ ಕಾಗದದ ಲೆಕ್ಕವನ್ನೊಮ್ಮೆ ಕಣ್ಣಾರೆ ನೋಡಬೇಕೆಂಬುದಷ್ಟೇ ನನ್ನ ಬಯಕೆ.

ಯಂತ್ರಗಳನ್ನು ಹಿಂದಿರುಗಿಸುವ ಡಿ-ಮಸ್ಟರಿಂಗ್ ಕೇಂದ್ರದಲ್ಲಿ ಸರದಿ ಉದ್ದವಿತ್ತು. ಲಕೋಟೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅಧ್ಯಕ್ಷಾಧಿಕಾರಿಯ ಡೈರಿಯಲ್ಲಿ ಬಿಟ್ಟುಹೋಗಿದ್ದ ಒಂದು ಕಲಮನ್ನು ತುಂಬಿಸಿಕೊಂಡು, ರಸೀದಿ ಕೈಗಿತ್ತಾಗ ರಾತ್ರಿ ಒಂದೂವರೆ ದಾಟಿತ್ತು.

ಇಂದು ಮಧ್ಯಾಹ್ನ ಸುದ್ದಿ ನೋಡಿದೆ. ಮಧ್ಯಪ್ರದೇಶದ ಬೈತೂಲ್ ಜಿಲ್ಲೆಯಲ್ಲಿ, ನಾವು ಹಿಂದಿರುಗುತ್ತಿದ್ದ ಅದೇ ರಾತ್ರಿ, ಆರು ಮತಗಟ್ಟೆಗಳ ಸಿಬ್ಬಂದಿಯನ್ನೂ ಯಂತ್ರಗಳನ್ನೂ ಹೊತ್ತು ಬರುತ್ತಿದ್ದ ಬಸ್ಸಿಗೆ ಬೆಂಕಿ ಹತ್ತಿದೆ. ಜನರೆಲ್ಲ ಪಾರಾಗಿದ್ದಾರೆ, ಕೆಲವು ಯಂತ್ರಗಳಿಗೆ ಹಾನಿಯಾಗಿದೆ. ಬೆಂಕಿ ಹತ್ತಿದ ಬಸ್ಸಿನಿಂದ ಹೊರಬೀಳುವಾಗ ತೊಡೆಯ ಮೇಲಿನ ಪೆಟ್ಟಿಗೆಯನ್ನು ಬಿಟ್ಟು ಬರಬೇಕಾದ ಆ ಶಿಕ್ಷಕರ ಮನಸ್ಸಿನಲ್ಲಿ ಏನಾಗಿರಬಹುದೆಂದು ನನಗೆ ಚೆನ್ನಾಗಿ ಗೊತ್ತು.

ರಸೀದಿಯನ್ನು ಈ ಪುಟದ ಹಿಂದೆ ಅಂಟಿಸಿದ್ದೇನೆ. ನಮ್ಮ 812 ಮತಗಳು ಈಗ ಎರಡು ಬೀಗಗಳ ಸ್ಟ್ರಾಂಗ್ ರೂಮಿನಲ್ಲಿವೆ. ಜೂನ್ 4ರ ಬೆಳಿಗ್ಗೆ ಆ ಬಾಗಿಲು ತೆರೆಯುತ್ತದೆ.