ಹೆಸರಿಟ್ರೆ ಬೈಯೋಕಾಗಲ್ಲ

"ಹೆಸರಿಟ್ರೆ ಆಮೇಲೆ ಬೈಯೋಕಾಗಲ್ಲ ಮಗಾ."

ಮಂಗಳವಾರ ಮಡಿಕೇರಿ ಕೋಟೆಯೊಳಗೆ ಕೇಳಿದ ಮಾತು. ಇವತ್ತು ಶನಿವಾರ, ಇನ್ನೂ ತಲೆಯಿಂದ ಇಳಿದಿಲ್ಲ.

ಅಣ್ಣನ ಮಗ ಬೆಂಗಳೂರಿನಿಂದ ರಜೆಗೆ ಬಂದಿದ್ದಾನೆ. ವಯಸ್ಸು ಎಂಟು, ಬಾಯಿ ಮಾತ್ರ ಎಂಬತ್ತರದ್ದು. ಅವನಿಗೆ ಕೋಟೆ ತೋರಿಸೋಣ ಅಂತ ಜೀಪು ತೆಗೆದಾಗ ನಮ್ಮ ತೋಟದ ಅಕ್ಕನೂ ಹತ್ತಿಕೊಂಡರು. ಅವರ ಕನ್ನಡಕದ ಕಾಲು ಮುರಿದಿತ್ತು. ಹದಿನೆಂಟು ವರ್ಷದಿಂದ ನಮ್ಮ ತೋಟದಲ್ಲೇ ಇದ್ದಾರೆ. ನನ್ನ ಅಮ್ಮನಿಗಿಂತ ಜಾಸ್ತಿ ನನ್ನನ್ನು ಬೈದಿರುವುದು ಅವರೇ.

ಕೋಟೆಯ ಆ ಎರಡು ಗಾರೆ ಆನೆಗಳು ಗೊತ್ತಲ್ಲ. ಸ್ಕೂಲ್ ಟೂರಿನಲ್ಲಿ ಅವುಗಳ ಪಕ್ಕ ನಿಂತು ಹಲ್ಲು ಕಿರಿಯದವರು ನಮ್ಮ ಕಡೆ ಕಮ್ಮಿ. ರಾಜನಿಗೆ ಸಿಟ್ಟು ಬಂದು ತನ್ನ ಆನೆಗಳನ್ನೇ ಕೊಂದನಂತೆ, ಆಮೇಲೆ ಸಂಕಟ ತಡೆಯಲಾರದೆ ನೆನಪಿಗೆ ಇವನ್ನು ಕಟ್ಟಿಸಿದನಂತೆ. ನನ್ನ ಮೇಷ್ಟ್ರು ಹೇಳಿದ ಕಥೆ, ಹುಡುಗನಿಗೆ ಹಾಗೇ ಒಪ್ಪಿಸಿದೆ. ಅವನು ಸೊಂಡಿಲ ಮೇಲೆ ಕೈಯಿಟ್ಟು ಕೇಳಿದ: "ಹಾಗಾದ್ರೆ ಇವರ ಹೆಸರೇನು?"

ಗೊತ್ತಿಲ್ಲಪ್ಪ ಎಂದೆ. ಅವನಿಗೆ ನನ್ನ ಮೇಲಿದ್ದ ಗೌರವ ಅಲ್ಲೇ ಅರ್ಧ ಹೋಯಿತು.

ತಪ್ಪು ಅವನದಲ್ಲ. 2024ರ ಫೆಬ್ರವರಿಯಲ್ಲಿ ಅವನು ಲಾಲ್‌ಬಾಗಿನಲ್ಲಿ ಲಂಟಾನ ಎಂಬ ಕಳೆಗಿಡದಿಂದ ಮಾಡಿದ ಆನೆಗಳನ್ನು ನೋಡಿದ್ದ. ಕಬ್ಬಿಣದ ಚೌಕಟ್ಟು ಮಾಡಿ, ಲಂಟಾನ ಕಡ್ಡಿ ಕುದಿಸಿ, ಸಿಪ್ಪೆ ಸುಲಿದು, ಬಿಸಿಗೆ ಬಗ್ಗುವಾಗಲೇ ಸುತ್ತಿ ಮಾಡಿದ ಆನೆಗಳು. ಮಾಡಿದವರು ಸೋಲಿಗರು, ಬೆಟ್ಟ ಕುರುಬರು, ಕಾಡಂಚಿನ ಇನ್ನಿತರ ಜನ. ಇಂಥವೇ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದವು, 2024ರಲ್ಲಿ ನ್ಯೂಯಾರ್ಕಿಗೂ ಹೋದವು. ಐಡಿಯಾ ನನಗೂ ಇಷ್ಟ. ಅಮೆರಿಕದ ಕಡೆಯಿಂದ ಬ್ರಿಟಿಷರ ಕಾಲದಲ್ಲಿ ಚೆಂದಕ್ಕೆಂದು ಬಂದ ಗಿಡ ಇದು. ಈಗ ಕಾಡಿನೊಳಗೆ ಹುಲ್ಲು ಏಳಲು ಬಿಡದೆ ಆನೆಯ ಮೇವಿಗೇ ಕಲ್ಲು ಹಾಕಿದೆ. ಅದನ್ನೇ ಕಿತ್ತು ಆನೆ ಮಾಡುವುದೆಂದರೆ, ಸಾಲಗಾರನ ಕೈಯಲ್ಲೇ ಮನೆ ಕಟ್ಟಿಸಿಕೊಂಡ ಹಾಗೆ. ನಮ್ಮ ಹುಡುಗ ಅಲ್ಲೊಂದು ಮರಿಗೆ ತಾನೇ 'ಗುಂಡಣ್ಣ' ಎಂದು ಹೆಸರಿಟ್ಟು, ಮನೆಗೆ ಹೊರಡುವಾಗ ಅತ್ತಿದ್ದನಂತೆ.

ಹಾಗಾಗಿ ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದ. "ನಿಮ್ಮ ಮನೆ ಹತ್ರ ಬರುತ್ತಲ್ಲ, ಅದರ ಹೆಸರೇನು?"

ಅಕ್ಕ ಗಾರೆ ಆನೆಯ ಪಾದ ನೋಡುತ್ತಿದ್ದರು. ಮುಖ ಎತ್ತದೆ ಆ ಮಾತು ಹೇಳಿದರು. ಹುಡುಗ ನಕ್ಕ. ಅಕ್ಕ ನಗಲಿಲ್ಲ. ಅಷ್ಟರಲ್ಲಿ ರೀಲ್ಸ್ ಮಾಡುತ್ತಿದ್ದ ಜೋಡಿಯೊಂದು ನಮಗೆ "ಸ್ವಲ್ಪ ಸೈಡಿಗೆ" ಎಂದಿತು. ಆನೆಯ ಪಕ್ಕ ಹದಿನೈದು ಸೆಕೆಂಡು ಕುಣಿದು, ಆನೆಯ ಮುಖ ಸಹ ನೋಡದೆ ಹೋದರು. ಇರಲಿ.

ಆ ಮಾತು ನನಗೆ ಚುಚ್ಚಿದ್ದು ವಾಪಸ್ ಬರುವಾಗ. ನಮ್ಮಲ್ಲಿ ಹೆಸರಿರುವುದು ಹಿಡಿದು ಪಳಗಿಸಿದ ಆನೆಗೆ. ಮತ್ತಿಗೋಡು ಆನೆ ಶಿಬಿರದ ಅಭಿಮನ್ಯು, ದುಬಾರೆ ಶಿಬಿರದ ಧನಂಜಯ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ತಿವಿತಕ್ಕೆ ಸಿಕ್ಕಿ ಸತ್ತಾಗ, ಇದೇ ಅಕ್ಕ ನಮ್ಮ ಟಿವಿ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು. ತಿವಿದದ್ದು ಬರೀ 'ಒಂದು ಕಾಡಾನೆ'. ಅದಕ್ಕಾಗಿ ಯಾರೂ ಏನೂ ಒರೆಸಿಕೊಂಡ ನೆನಪಿಲ್ಲ.

ಜೀಪಿನಲ್ಲಿ ನಾನು ಸುಮ್ನೆ ಇರಬಹುದಿತ್ತು. ಇರಲಿಲ್ಲ. ಏಷ್ಯಾದ ಆನೆ 1986ರಿಂದಲೇ ಅಳಿವಿನಂಚಿನ ಪಟ್ಟಿಯಲ್ಲಿದೆ ಅಕ್ಕ, ಎಂದು ಶುರುಮಾಡಿದೆ.

"ಅಂಚಲ್ಲೇ ಇದೆ. ನಮ್ಮ ಬಾಳೆ ಅಂಚಲ್ಲಿ."

ಏನು ಹೇಳುವುದು? 2023ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಜಾಸ್ತಿ. ತೋಟದಲ್ಲಿ ನೆರಳಿದೆ, ಕೆರೆಯಿದೆ, ಹಲಸಿದೆ. ಆನೆಯಾದರೂ ಯಾಕೆ ಬಿಟ್ಟು ಹೋಗಬೇಕು? ಪಟ್ಟಿಯೂ ಸುಳ್ಳಲ್ಲ, ಅಕ್ಕನ ಬಾಳೆಯೂ ಸುಳ್ಳಲ್ಲ. ಅಣ್ಣ ಫೋನಿನಲ್ಲಿ 'ಸಹಬಾಳ್ವೆ' ಎನ್ನುವಾಗ ನನಗೆ ಮೈ ಉರಿಯುತ್ತದೆ. ಅವನು ಒಳ್ಳೆಯವನೇ. ಆದರೆ ರಾತ್ರಿ ಬಚ್ಚಲಿಗೆ ಹೋಗುವ ಮೊದಲು ಬಾಗಿಲು ಅರ್ಧ ತೆರೆದು, ಟಾರ್ಚ್ ಬಿಟ್ಟು, ಮೂಗಿನಲ್ಲಿ ವಾಸನೆ ಹಿಡಿಯುವ ಕೆಲಸ ಅವನಿಗಿಲ್ಲ. ನನಗೂ ಅಷ್ಟಿಲ್ಲ ಬಿಡಿ, ನಮ್ಮದು ಒಳಗಡೆ ಬಚ್ಚಲು. ಅಕ್ಕನಂಥ ಕೆಲಸದವರಿರುವ ಲೈನ್ ಮನೆಗಳಿಗೆ ಹೊರಗಡೆ. ಅದನ್ನು ಒಳಗೆ ಕಟ್ಟಿಸಿಕೊಡಬೇಕಾದವನು ನಾನೇ. ಎರಡು ವರ್ಷದಿಂದ 'ಮುಂದಿನ ಕಾಫಿ ದುಡ್ಡು ಬರಲಿ' ಎನ್ನುತ್ತಿದ್ದೇನೆ.

ಗುರುವಾರ ರಾತ್ರಿ ಆನೆ ಬಂತು. ಹತ್ತೂವರೆಗೆ ಹಲಸಿನ ಮರದ ಕಡೆ 'ದಬ್' ಎಂದಿತು. ಮತ್ತೆ ಒಂದು. ನಾಯಿ ಮಂಚದ ಕೆಳಗೆ ಸೇರಿತು. ಅಷ್ಟು ದೊಡ್ಡ ಪ್ರಾಣಿ, ಹೆಜ್ಜೆಯ ಸದ್ದೇ ಇಲ್ಲ. ಕೇಳಿಸುವುದು ಅದು ಮುರಿದಿದ್ದು, ತಿಂದಿದ್ದು ಮಾತ್ರ. ಹುಡುಗ ನನ್ನ ಕೈ ಹಿಡಿದು ಕೂತಿದ್ದ. ಗುಂಡಣ್ಣನ ಸುದ್ದಿ ಎತ್ತಲಿಲ್ಲ.

ಬೆಳಿಗ್ಗೆ ಕೆರೆ ಪಕ್ಕದ ಕೆಸರಿನಲ್ಲಿ ಮುಂಗಾಲಿನ ಗುರುತು ಅಚ್ಚೊತ್ತಿದ ಹಾಗೆ ಬಿದ್ದಿತ್ತು. ಚರ್ಮದ ಬಿರುಕು ಸಹ ಗೀಟು ಗೀಟಾಗಿ ಕಾಣುತ್ತಿತ್ತು. ಗೋಣಿ ದಾರ ತಂದು ಸುತ್ತ ಇಟ್ಟು ಅಳೆದೆವು: ನಾಲ್ಕು ಅಡಿ ಎರಡು ಇಂಚು. ಮುಂಗಾಲಿನ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರ. ಹುಡುಗ ಬೆರಳಲ್ಲಿ ಲೆಕ್ಕ ಹಾಕಿ, ನಮ್ಮ ಶೆಡ್ಡಿನ ಮಾಡು ನೋಡಿ, ಮಾತಾಡದೆ ನಿಂತ. ಲಾಲ್‌ಬಾಗಿನಲ್ಲೂ ಇಷ್ಟೇ ಎತ್ತರದ್ದು ಇದ್ದಿರಬೇಕು. ಅಲ್ಲಿ ಅದರ ಕಾಲು ತಬ್ಬಿಕೊಂಡಿದ್ದ.

ಅಕ್ಕ ಆಗಲೇ ಬಾಳೆ ಹತ್ತಿರ ನಿಂತು ಶುರುಮಾಡಿದ್ದರು. ಕನ್ನಡಕಕ್ಕೆ ಹೊಸ ಕಾಲು ಬಂದಿದ್ದರಿಂದ ನಷ್ಟ ಇನ್ನೂ ಚೆನ್ನಾಗಿ ಕಾಣುತ್ತಿತ್ತೇನೋ. "ನಿನ್ನ ಹೊಟ್ಟೆಗಿಷ್ಟು ಬೆಂಕಿ ಬೀಳ, ಮೊಂಡುಕೊಂಬ! ಮೊನ್ನೆ ತಾನೇ ಕಟ್ಟು ಕಟ್ಟಿದ್ದೆನಲ್ಲೋ..."

ಹುಡುಗ ಓಡಿದ. "ಅಕ್ಕಾ, ಮೊಂಡುಕೊಂಬ ಅಂದ್ರಲ್ಲ! ಅದು ಹೆಸರಲ್ವಾ?"

ಅಕ್ಕ ತಡೆದರು. ಮುರಿದ ಬಾಳೆದಿಂಡು ಕೈಯಲ್ಲೇ ಇತ್ತು.

"ಹೆಸರಲ್ಲ. ಗುರುತು" ಎಂದವರೇ ನನ್ನ ಕಡೆ ತಿರುಗಿದರು. "ಏಣಿ ಎಲ್ಲಿ? ಉಳಿದ ಹಲಸು ಇವತ್ತೇ ಇಳಿಸಬೇಕು."